ಬಾಕಿ

ಶನಿವಾರ ನನ್ನ ವೀಕ್ಲಿ ಆಫ್.
ಹನ್ನೊಂದೂವರೆಗೆ ಸ್ಕೂಲು ಬಿಡುತ್ತದೆ,
ಹನ್ನೊಂದೂಮುಕ್ಕಾಲಿಗೆ ಹೇಮಾವತಿನಗರದ
ಮುಚ್ಚಿದ ಬ್ಯಾಟರಿ ಅಂಗಡಿಯ ಮೆಟ್ಟಿಲ ಮೇಲೆ
ಐದು ಜನ ಆಟಗಾರರು.
ನಾಲ್ವರ ವಯಸ್ಸು ಕೂಡಿದರೆ ಮೂವತ್ತೇಳು.
ಐದನೆಯವನು ನಾನು, ನಲವತ್ತಾರು,
ಹಾಸನ ಡಿಪೋ, ನಿರ್ವಾಹಕ.

ಶುರುವಾದದ್ದು ಅರಸೀಕೆರೆ ಬಸ್ಸಿನ ಕೊನೇ ಸೀಟಿನಡಿ.
ಕಡಲೆಕಾಯಿ ಸಿಪ್ಪೆಯ ನಡುವೆ ಮಿಂಚುವ ಒಂದು ಕಾರ್ಡು:
ಮೂರು ತಲೆ, ಬಾಲಕ್ಕೆ ಬೆಂಕಿ,
ಮೂಲೆಯಲ್ಲಿ ಶಕ್ತಿ ಇನ್ನೂರ ಹತ್ತು.
ಕಳಕೊಂಡವರು ಕೇಳಿಯಾರೆಂದು ವಾರವೆಲ್ಲ
ಚೀಲದ ಒಳಜೇಬಲ್ಲಿಟ್ಟು ತಿರುಗಿದೆ.
ಕೊಡೆ ಬಿಟ್ಟವರು ಬಂದರು, ಟಿಫನ್ ಡಬ್ಬಿ ಬಿಟ್ಟವರು ಬಂದರು.
ಮೂರು ತಲೆಗೆ ಯಾರೂ ಬರಲಿಲ್ಲ.

ಡ್ಯೂಟಿ ಮುಗಿಸಿ ಬರುತ್ತಾ ಬೀಡಾ ಅಂಗಡಿಯೆದುರು
ಚಿಲ್ಲರೆ ಹುಡುಕುವಾಗ ಅದು ಜಾರಿ ಬಿತ್ತು.
"ಅಂಕಲ್, ಎಲ್ಲಿ ಸಿಕ್ತು ಇದು? ಕೊಡ್ತೀರಾ?"
ಅಂದವಳು ಇಂಚರ, ಕೋರೆಹಲ್ಲು ಆಗಷ್ಟೇ ಬಿದ್ದವಳು.
ಕೊಡಬೇಕಿತ್ತು. ಅಷ್ಟೆ. ಹತ್ತು ರೂಪಾಯಿ ಪ್ಯಾಕೆಟ್ಟಿನ ವಸ್ತು.
"ಆಡಿ ಗೆದ್ದುಕೋ" ಎಂದು ಯಾಕಂದೆನೋ
ಇವತ್ತಿಗೂ ಗೊತ್ತಿಲ್ಲ.

ಕಲಿಸಿದರು. ಹೆಸರೆಲ್ಲ ಇಂಗ್ಲಿಷು, ಅದೂ ತಪ್ಪು ಇಂಗ್ಲಿಷು,
ಹಾಗಾಗಿ ಅವರೇ ಇಟ್ಟಿದ್ದಾರೆ: ಕೆಂಡಬೆಕ್ಕು, ನೀರೊಡೆಯ,
ಡ್ರಿಲ್ ಮಾಸ್ಟ್ರು ಎಂಬ ಸಿಡುಕು ಗೂಳಿ.
ನೀರು ಬೆಂಕಿಯನ್ನು ಆರಿಸುತ್ತೆ, ಬೆಂಕಿ ಗಿಡವನ್ನು ಸುಡುತ್ತೆ,
ಗಿಡ ನೀರನ್ನು ಕುಡಿಯುತ್ತೆ, ಅಲ್ಲಿಗೆ ನ್ಯಾಯ ಸರಿ.
ಕಲ್ಲಿಗೆ ಏನೂ ಆಗಲ್ಲ. ಹೋದ ವಾರ ಆಗುತ್ತಿತ್ತು.
"ಅದು ಹಳೇ ರೂಲ್ಸು ಅಂಕಲ್" ಅನ್ನುತ್ತಾನೆ ತಂಝೀಲ್.
ನಮ್ಮ ಡಿಪೋದ ಸುತ್ತೋಲೆಗಿಂತ ಬೇಗ ಬದಲಾಗುತ್ತವೆ.

ಕಲಸುವುದೊಂದರಲ್ಲಿ ನಾನು ಮೇಲು.
ಇಪ್ಪತ್ತೊಂದು ವರ್ಷ ನೋಟು ಎಣಿಸಿದ ಬೆರಳು.
ಬೀಸಣಿಗೆಯಾಗಿ ಬಿಚ್ಚಿ, ಸುರಿದು, ಟಪ್ಪನೆ ಮುಚ್ಚಿದರೆ
ಪುಟ್ಟ ಕುಶಾಲ ಬಾಯಿ ಮುಚ್ಚುವುದನ್ನು ಮರೆಯುತ್ತಾನೆ.
ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಾ
ಒಂದೇ ಟವೆಲನ್ನು ಮೂರು ಸಲ ಕೊಡವಿ ನೋಡುತ್ತಾಳೆ.
ನೋಡಲಿ. ನಾನಾಗಿದ್ದರೂ ನೋಡುತ್ತಿದ್ದೆ.

ಸೋತೆ. ಆರು ಶನಿವಾರ ಸೋತೆ.
ಮಕ್ಕಳಲ್ಲವೇ, ಬಿಟ್ಟುಕೊಟ್ಟೆ ಅನ್ನಬಹುದಿತ್ತು,
ಹೆಂಡತಿಗೆ ಹಾಗೇ ಅಂದೆ ಕೂಡ.
ಏಳನೇ ಶುಕ್ರವಾರ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಇಡೀ ಬಾಕ್ಸು ಕೊಂಡೆ, ಮೂವತ್ತಾರು ಪ್ಯಾಕೆಟ್ಟು,
ಓವರ್‌ಟೈಮಿನ ದುಡ್ಡು.
ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಒಂದೊಂದೇ ಹರಿದೆ.
ಮಾರನೇ ದಿನ ನಾಲ್ವರನ್ನೂ ಬರಿಗೈ ಮಾಡಿದೆ,
ಅರ್ಧ ಗಂಟೆ ಸಾಕಾಯಿತು.
ಯಾರೂ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ.
ಬ್ಯಾಗು ಹೆಗಲಿಗೇರಿಸಿ ಹೋದರು.

ಮುಂದಿನ ಶನಿವಾರ ಮೆಟ್ಟಿಲ ಮೇಲೆ ನಾನು,
ಇನ್ನೂರ ಚಿಲ್ಲರೆ ಕಾರ್ಡು.
ಅದರ ಮುಂದಿನದೂ ಹಾಗೇ.

ಮೂರನೆಯದಕ್ಕೆ ಇಂಚರ ಒಬ್ಬಳೇ ಬಂದಳು,
ನೋಟುಬುಕ್ಕಿನ ಹಾಳೆ ಹಿಡಿದು. ಕೂರಲಿಲ್ಲ, ನಿಂತೇ ಓದಿದಳು:
"ಒಂದು. ಸಂಬಳ ಇರೋರು ವಾರಕ್ಕೆ ಒಂದೇ ಪ್ಯಾಕೆಟ್ ತಗೋಬೇಕು.
ಎರಡು. ಗೆದ್ದಿದ್ದೆಲ್ಲ ವಾಪಸ್.
ಮೂರು."
ಮೂರಕ್ಕೆ ಏನೂ ಬರೆದಿರಲಿಲ್ಲ.
"ಮೂರು ಆಮೇಲೆ ಹೇಳ್ತೀವಿ."
ಸಹಿ ಹಾಕಿದೆ, ಪೂರ್ತಿ ಹೆಸರು,
ಪುಟ್ಟಸ್ವಾಮಾಚಾರ್, ಬಿಲ್ಲೆ ನಂಬರು ಸಮೇತ.

ಮೊನ್ನೆ ಮೂರು ತಲೆಯನ್ನೂ ಪಣಕ್ಕಿಟ್ಟು ಸೋತೆ,
ನೀರೊಡೆಯನ ಎದುರು, ನ್ಯಾಯವಾಗಿ.
ಕಾರ್ಡು ಮಾತ್ರ ಡ್ಯೂಟಿ ಚೀಲದಲ್ಲೇ ಉಳಿದಿತ್ತು.
ಜೇಬಿನ ಹಳೇ ಟಿಕೆಟ್ಟಿನ ಹಿಂದೆ ಬರೆದುಕೊಟ್ಟೆ,
ಚಿಲ್ಲರೆಯಿಲ್ಲದಾಗ ಬರೆಯುವ ಹಾಗೆ, ಸುತ್ತು ಹಾಕಿ:
ಬಾಕಿ ೧.
ಇಂಚರ ಅದನ್ನು ಕಂಪಾಸ್ ಬಾಕ್ಸಿನಲ್ಲಿ ಮಡಚಿಟ್ಟಳು.

ಇವತ್ತು ಸೋಮವಾರ, ಅರಸೀಕೆರೆ ಬಸ್ಸು.
ತಾಯಿಗೆ ಶಕ್ತಿ ಟಿಕೆಟ್ಟು, ಸೊನ್ನೆ ರೂಪಾಯಿ.
"ಹುಡುಗನಿಗೆಷ್ಟು?"
"ಐದು ನಡೀತಿದೆ."
"ಏಳು" ಎಂದಿತು ಸೀಟಿನಡಿಯಿಂದ ಒಂದು ದನಿ.
ಮೊಣಕಾಲೂರಿ, ಕೊನೇ ಸೀಟಿನ ಕೆಳಗೆ ಕೈಯಾಡಿಸುತ್ತಿದ್ದ.
"ಏನ್ ಹುಡುಕ್ತಿದೀಯೋ?"
"ಏನಿಲ್ಲ" ಅಂದ, ತಲೆಯೆತ್ತದೆ.
ಚೀಲದ ಒಳಜೇಬಿನ ಮೇಲೆ ಕೈಯಿಟ್ಟುಕೊಂಡು
ದುದ್ದದ ತನಕ ನಿಂತೇ ಇದ್ದೆ.